ಏರಿನಲ್ಲಿ ಗಾಡಿ ಎಳೆಯದಿದ್ದರೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಬಾಡಿಗೆ ಕಾರು ಇದೆ. ಡೀಸೆಲ್ ಕಾರು. ಸಾಲ ಮಾಡಿ ತಂದದ್ದು. ಓಡಿಸುವುದು ಗಂಡ, ಲೆಕ್ಕ ಬರೆಯುವುದು ಅಕ್ಕ. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ಅಂತ ಬಾಡಿಗೆ ಸಿಗುತ್ತದೆ.

ಒಂದು ದಿನ ಬಣ್ಣಾರಿ ಅಮ್ಮನ ಗುಡಿಗೆ ಹೋದವರನ್ನು ಕೂರಿಸಿಕೊಂಡು ವಾಪಸ್ ಬರುತ್ತಿದ್ದರು. ಅಕ್ಕನೂ ಜೊತೆಗಿದ್ದರು. ದಿಂಬಂ ಘಾಟಿ ನಿಮಗೆ ಗೊತ್ತಲ್ಲ? 27 ಕಡಿದಾದ ತಿರುವು. ಸುತ್ತ ಆನೆ ಕಾಡು. ಅರ್ಧ ಏರು ಹತ್ತಿದ್ದರು. 'ಬುಸ್' ಅಂತ ಸದ್ದು ಬಂತು. ಗಾಡಿ ಎಳೆಯುವುದೇ ಇಲ್ಲ! ಒತ್ತಿದಷ್ಟೂ ಹಿಂದೆ ಕಪ್ಪು ಹೊಗೆ. ಒಂದನೇ ಗೇರಿನಲ್ಲಿ ತೆವಳಿಕೊಂಡು ಹಾಸನೂರು ಸೇರಿದರು. ಅಲ್ಲಿಂದ ಮುಂದೆ ಏರು ಕಡಿಮೆ. ಏನೂ ಆಗೇ ಇಲ್ಲ ಅನ್ನುವ ಹಾಗೆ ಗಾಡಿ ಊರಿಗೆ ಬಂತು.

ಮಾರನೇ ದಿನ ಒಬ್ಬ ಮೆಕ್ಯಾನಿಕ್ "ಟರ್ಬೊ ಹೋಗಿದೆ, ಹೊಸದು ಹಾಕಬೇಕು" ಅಂದರು. ಅವರು ಹೇಳಿದ ದುಡ್ಡು ಎಷ್ಟೋ ತಿಂಗಳ ಕಂತಿನಷ್ಟು. ಅಕ್ಕ ಮಂಕಾಗಿ ಬಂದು ಕೂತರು. "ಟರ್ಬೊ ಅಂದ್ರೆ ಏನು ಟೀಚರ್?" ಅಂದರು. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ. ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಇಬ್ಬರೂ ಹೋಗಿ ಕೇಳಿ ತಿಳಿದೆವು.

ಒಲೆ ಉರಿಯಲು ಸೌದೆ ಬೇಕು. ಗಾಳಿಯೂ ಬೇಕು. ಸೌದೆ ತುರುಕಿ ಗಾಳಿ ಸಾಲದಿದ್ದರೆ ಏನಾಗುತ್ತದೆ? ಮನೆ ತುಂಬ ಹೊಗೆ. ಆಗ ನಾವು ಊದುಗೊಳವೆ ಹಿಡಿಯುತ್ತೇವೆ. ಎಂಜಿನ್ ಕೂಡ ಒಲೆಯೇ. ಡೀಸೆಲ್ ಅದರ ಸೌದೆ. ಟರ್ಬೊ ಅದರ ಊದುಗೊಳವೆ. ಆದರೆ ಊದುವವರು ಯಾರೂ ಇಲ್ಲ. ಎಂಜಿನ್‌ನಿಂದ ಹೊರಗೆ ಹೋಗುವ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಆ ತುದಿಯಲ್ಲಿ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತುಂಬುತ್ತದೆ. ವ್ಯರ್ಥ ಹೋಗುವ ಹೊಗೆಯಿಂದಲೇ ಕೆಲಸ! ಸ್ವಿಟ್ಜರ್ಲೆಂಡ್ ದೇಶದ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ 1905ರಲ್ಲೇ ಇದಕ್ಕೆ ಹಕ್ಕುಪತ್ರ ಪಡೆದಿದ್ದರು. ಜೋರಾಗಿ ಓಡುವಾಗ ಈ ಚಕ್ರ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದೆ.

ಟರ್ಬೊದಿಂದ ಎಂಜಿನ್‌ಗೆ ಗಾಳಿ ಹೋಗಲು ರಬ್ಬರ್ ಪೈಪುಗಳಿವೆ. ಏರಿನಲ್ಲಿ, ಭಾರ ಇದ್ದಾಗ, ಒಳಗಿನ ಒತ್ತಡ ಜಾಸ್ತಿ. ಆಗಲೇ ಪೈಪು ಬಿರಿಯುವುದು, ಕ್ಲಿಪ್ಪು ಜಾರುವುದು. ಗಾಳಿ 'ಬುಸ್' ಅಂತ ಸೋರುತ್ತದೆ. ಡೀಸೆಲ್ ಬರುತ್ತದೆ, ಗಾಳಿ ಸಾಲದು. ಅದಕ್ಕೇ ಕಪ್ಪು ಹೊಗೆ. ಸಮ ರಸ್ತೆಯಲ್ಲಿ ಮೆಲ್ಲಗೆ ಹೋದರೆ ಅಷ್ಟು ಗಾಳಿ ಬೇಕಿಲ್ಲ. ಹಾಗಾಗಿ ಗಾಡಿ ಸರಿಯಾಗಿದೆ ಅನ್ನಿಸುತ್ತದೆ.

ಅಕ್ಕ ಒಂದು ಒಳ್ಳೆ ಕೆಲಸ ಮಾಡಿದ್ದರು. ಎಲ್ಲಿ ನಿಧಾನವಾಯಿತು, ಎಂಥ ಸದ್ದು, ಹೊಗೆ ಯಾವ ಬಣ್ಣ ಅಂತ ಲೆಕ್ಕದ ಪುಸ್ತಕದಲ್ಲೇ ಬರೆದಿದ್ದರು. ಕಾಗುಣಿತ ಅಲ್ಲಲ್ಲಿ ತಪ್ಪು, ಇರಲಿ ಬಿಡಿ. ಅದನ್ನು ಓದಿದ ಮೆಕ್ಯಾನಿಕ್ ಮೊದಲು ಪೈಪಿಗೇ ಕೈ ಹಾಕಿದರು. ಕ್ಲಿಪ್ಪು ಸಡಿಲವಾಗಿ ಪೈಪು ಜಾರಿತ್ತು. ಹೊಸ ಕ್ಲಿಪ್ಪು ಹಾಕಿದರು. ಟರ್ಬೊ ಚೆನ್ನಾಗಿಯೇ ಇತ್ತು.

ಎಲ್ಲ ಸಲವೂ ಪೈಪೇ ಇರಬೇಕೆಂದಿಲ್ಲ. ಮಣ್ಣು ರಸ್ತೆಯ ಧೂಳು ಏರ್ ಫಿಲ್ಟರಿಗೆ ಕಟ್ಟಿದರೂ ಗಾಳಿ ಸಾಲದು. ಹೊಗೆಯೇ ಇಲ್ಲದೆ ಶಕ್ತಿ ಕುಂದಿದರೆ ಡೀಸೆಲ್ ಫಿಲ್ಟರ್ ನೋಡಿಸಿ. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಇರುತ್ತದೆ. ಗಾಳಿಯ ಒತ್ತಡ ಅತಿಯಾದರೂ, ಕಡಿಮೆಯಾದರೂ ಅದು ಎಂಜಿನ್‌ನ ಶಕ್ತಿ ತಗ್ಗಿಸಬಹುದು. ಮುಂದೆ ಎಂಜಿನ್ ದೀಪ ಹತ್ತುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಕೆಲವು ಸಲ ಸರಿಹೋಗುತ್ತದೆ. ಸರಿಹೋಯ್ತು ಅಂತ ಸುಮ್ಮನಾಗಬೇಡಿ, ದೋಷ ಒಳಗೇ ಇರುತ್ತದೆ. ನೀಲಿ ಹೊಗೆ ಬಂದು ಆಯಿಲ್ ಕಡಿಮೆಯಾಗುತ್ತಿದ್ದರೆ, ಉಜ್ಜಿದ ಸದ್ದು ಬಂದರೆ, ಆಗ ಟರ್ಬೊ ಮೇಲೇ ಅನುಮಾನ ಪಡಬಹುದು.

ಗಾಡಿ ಎಳೆಯದಿದ್ದರೆ ಇನ್ನೂ ಇನ್ನೂ ಒತ್ತಬಾರದು. ತಿರುವಿನಲ್ಲಿ ನಿಲ್ಲಿಸಬಾರದು. ಆಯಿಲ್ ದೀಪ ಹತ್ತಿದರೆ ಮಾತ್ರ ಪಕ್ಕಕ್ಕೆ ತಂದು ತಕ್ಷಣ ಆಫ್ ಮಾಡಬೇಕು. ಬಾನೆಟ್ ತೆಗೆದು ಬಿಸಿ ಪೈಪು ಮುಟ್ಟಬೇಡಿ, ಕೈ ಸುಡುತ್ತದೆ. ಗಾಡಿ ಚೆನ್ನಾಗಿದ್ದರೂ ಘಾಟಿ ಹತ್ತಿದ ಮೇಲೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಆಮೇಲೆ ಆಫ್ ಮಾಡಿ. ಬಿಸಿಯಾದ ಟರ್ಬೊಗೆ ಆಯಿಲ್ ಹರಿದು ತಂಪಾಗುತ್ತದೆ.

ಅಕ್ಕ ಈಗ ಗುಂಡ್ಲುಪೇಟೆ ಕಡೆ ಬಾಡಿಗೆ ಇದ್ದರೆ ಪೈಪು, ಕ್ಲಿಪ್ಪು ನೋಡಿಯೇ ಗಾಡಿ ಬಿಡಿಸುತ್ತಾರೆ. ಬಂಡೀಪುರದ ಕಾಡು ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆಯಲ್ಲ. ಗಾಡಿ ತೆವಳಿದರೆ ಗೇಟು ಹಾಕುವ ಹೊತ್ತಿಗೆ ಆ ಕಡೆಯೇ ಉಳಿಯಬೇಕಾಗುತ್ತದೆ.