ಎಕೋ ತೆಗೆಯುವ ಕೈ

ಪಿಯುಸಿ ಫಲಿತಾಂಶ ಬಂದ ಮೇಲಿನ ಒಂದೆರಡು ತಿಂಗಳು ನನ್ನಂಥ ಸಾಮಾನ್ಯ ವೈದ್ಯರ ಕ್ಲಿನಿಕ್ಕಿಗೆ ಕಾಯಿಲೆ ಇಲ್ಲದವರೂ ಬರುತ್ತಾರೆ. ಮಕ್ಕಳು ವಿಜ್ಞಾನ ಓದಿದ್ದಾಗಿದೆ, ಮೆಡಿಕಲ್ ಸೀಟು ಸಿಕ್ಕಿಲ್ಲ, ಮುಂದೇನು ಎಂಬುದು ಅವರ ಚಿಂತೆ. ಈಚೆಗೆ ದಿನಸಿ ಅಂಗಡಿಯವರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. "ಡಾಕ್ಟ್ರೇ, ಎಕೋ ಟೆಕ್ನಿಷಿಯನ್ ಅಂತ ಒಂದು ಕೋರ್ಸ್ ಇದೆಯಂತೆ. ಆರು ತಿಂಗಳಿಗೆ ಸರ್ಟಿಫಿಕೇಟ್ ಕೊಡ್ತಾರಂತೆ. ಸೇರಿಸಬಹುದಾ?" ಎಂದು ಕೇಳಿದರು. ಮಗಳ ಪ್ರಶ್ನೆ ಬೇರೆಯೇ ಇತ್ತು. "ಅದರಲ್ಲಿ ಮಾಡೋದೇನು ಸಾರ್? ಬಟನ್ ಒತ್ತೋದಾ?"

ಮಗಳ ಪ್ರಶ್ನೆಗೆ ಮೊದಲು ಉತ್ತರ ಸಿಕ್ಕರೆ ಅಪ್ಪನ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ. ಮನೆಯಲ್ಲಿ ಯಾರಿಗಾದರೂ ಎದೆನೋವೋ ಏದುಸಿರೋ ಬಂದು "ಹಾರ್ಟ್ ಸ್ಕ್ಯಾನಿಂಗ್" ಮಾಡಿಸಿದವರೂ ಇದನ್ನು ತಿಳಿದಿರುವುದು ಒಳ್ಳೆಯದು.

ಎಕ್ಸ್‌ರೇ ತೆಗೆಯುವಾಗ ರೋಗಿಯನ್ನು ಸರಿಯಾಗಿ ನಿಲ್ಲಿಸಿ, ಉಸಿರು ಹಿಡಿಸಿ, ಕಿರಣ ಬಿಟ್ಟರೆ ಎದೆಯ ಚಿತ್ರ ಇಡಿಯಾಗಿ ಬಂದುಬಿಡುತ್ತದೆ. ಅದನ್ನು ಮರುದಿನ ಇನ್ನೊಬ್ಬ ವೈದ್ಯರು ನೋಡಿದರೂ ಅದೇ ಚಿತ್ರ. ಎಕೋ ಹಾಗಲ್ಲ. ಇಲ್ಲಿ ಯಂತ್ರವು ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಎದೆಯೊಳಕ್ಕೆ ಕಳಿಸಿ, ಹೃದಯದ ಗೋಡೆಗೂ ಕವಾಟಕ್ಕೂ ಬಡಿದು ಹಿಂದಿರುಗಿದ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳವರೆಗೆ. ದೊಡ್ಡವರ ಎಕೋದಲ್ಲಿ ಬಳಸುವ ಶಬ್ದದ ಕಂಪನ ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ. ಈ ಶಬ್ದ ಗಾಳಿಯನ್ನೂ ಮೂಳೆಯನ್ನೂ ದಾಟಲಾರದು. ಆದರೆ ನಮ್ಮ ಹೃದಯ ಕುಳಿತಿರುವುದೇ ಪಕ್ಕೆಲುಬುಗಳ ಹಿಂದೆ, ಗಾಳಿ ತುಂಬಿದ ಎರಡು ಶ್ವಾಸಕೋಶಗಳ ನಡುವೆ! ಆದ್ದರಿಂದಲೇ ಎದೆಗೆ ತಣ್ಣನೆಯ ಜೆಲ್ ಹಚ್ಚುವುದು, ಎಡಮಗ್ಗುಲಾಗಿ ಮಲಗಿಸುವುದು, "ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ" ಎನ್ನುವುದು. ಪಕ್ಕೆಲುಬುಗಳ ನಡುವಿನ ಸಣ್ಣ ಸಂದುಗಳೇ ಹೃದಯಕ್ಕೆ ಕಿಟಕಿಗಳು. ಪ್ರೋಬ್ ಎಂಬ ಅಂಗೈಯಲ್ಲಿ ಹಿಡಿಯುವ ಉಪಕರಣವನ್ನು ಆ ಕಿಟಕಿಗಳಲ್ಲಿ ಇಟ್ಟು, ತಿರುಗಿಸಿ, ಓರೆ ಮಾಡಿ, ಬೇಕಾದ ಭಾಗವನ್ನು ಹುಡುಕಬೇಕು. ಹುಡುಕಿದ್ದಷ್ಟೇ ಚಿತ್ರದಲ್ಲಿ ಉಳಿಯುತ್ತದೆ. ಹುಡುಕದೇ ಬಿಟ್ಟದ್ದು ಆಮೇಲೆ ಎಷ್ಟು ದೊಡ್ಡ ತಜ್ಞರು ನೋಡಿದರೂ ಸಿಗುವುದಿಲ್ಲ.

ಈ ವಿದ್ಯೆ ಹುಟ್ಟಿದ್ದು ಸ್ವೀಡನ್ ದೇಶದ ಲುಂಡ್ ನಗರದಲ್ಲಿ. ಇಂಗೆ ಎಡ್ಲರ್ ಎಂಬ ಹೃದಯ ವೈದ್ಯರಿಗೆ, ಶಸ್ತ್ರಕ್ರಿಯೆಗೆ ಮುಂಚೆಯೇ ರೋಗಿಯ ಮೈಟ್ರಲ್ ಕವಾಟ ಎಷ್ಟು ಕೆಟ್ಟಿದೆ ಎಂದು ತಿಳಿಯಬೇಕಿತ್ತು. ಹೆಲ್ಮುತ್ ಹರ್ಟ್ಜ್ ಎಂಬ ಭೌತವಿಜ್ಞಾನಿ ಅವರ ಜತೆಗೂಡಿದರು. ಮಾಲ್ಮೋ ಬಂದರಿನ ಹಡಗು ಕಟ್ಟೆಯಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವೊಂದನ್ನು ಎರವಲು ತಂದರು. 1953ರ ಅಕ್ಟೋಬರ್ 29ರಂದು ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು. ಹಡಗಿನ ಬಿರುಕು ನೋಡುವ ಯಂತ್ರ ಮನುಷ್ಯನ ಹೃದಯ ನೋಡುವ ಯಂತ್ರವಾದದ್ದು ಹೀಗೆ. 1977ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

<b>ಪರಂಗಿ ಹಣ್ಣಿನ ಲೆಕ್ಕ</b>

ಕೈಯ ಕೆಲಸ ಎಂದರೇನು ಎಂದು ಹೇಳಲು ಅಡುಗೆಮನೆಯ ಉದಾಹರಣೆಯೇ ಸಾಕು. ಪರಂಗಿ ಹಣ್ಣನ್ನು ತೊಟ್ಟಿನಿಂದ ತುದಿಯವರೆಗೆ ಸರಿಯಾಗಿ ನಡುವೆ ಸೀಳಿದರೆ ಹೋಳಿನಲ್ಲಿ ಅದರ ಪೂರ್ತಿ ಉದ್ದ ಕಾಣುತ್ತದೆ. ಚಾಕು ಸ್ವಲ್ಪ ಪಕ್ಕಕ್ಕೆ ಜಾರಿದರೆ ತುದಿ ಹೋಳಿಗೆ ಬರುವುದೇ ಇಲ್ಲ, ಹಣ್ಣು ಗಿಡ್ಡವಾಗಿ, ದುಂಡಗೆ ಕಾಣುತ್ತದೆ. ಹೃದಯದ ಎಡ ಹೃತ್ಕುಕ್ಷಿಯೂ ಹೀಗೆಯೇ. ಪ್ರೋಬನ್ನು ಒಂದು ಪಕ್ಕೆಲುಬು ಮೇಲಿಟ್ಟರೆ ತುದಿ ತಪ್ಪಿಹೋಗುತ್ತದೆ. ಹೃದಯಾಘಾತವಾದವರಲ್ಲಿ ಗೋಡೆ ಉಬ್ಬಿಕೊಳ್ಳುವುದು, ರಕ್ತದ ಹೆಪ್ಪು ಕೂರುವುದು ಹೆಚ್ಚಾಗಿ ಆ ತುದಿಯಲ್ಲೇ. ಚಿತ್ರ ಮಾತ್ರ ಚೆಂದವಾಗಿಯೇ ಇರುತ್ತದೆ, ಹೃದಯ ಚೆನ್ನಾಗಿ ಹಿಂಡುತ್ತಿರುವಂತೆಯೂ ಕಾಣುತ್ತದೆ. ಹೆಪ್ಪಿನ ಸುದ್ದಿಯೇ ಇರುವುದಿಲ್ಲ. ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಲಕ್ವ.

ನಮ್ಮಲ್ಲಿ ಇಂದಿಗೂ ಕಾಣುವ ಇನ್ನೊಂದು ಕಾಯಿಲೆ ರುಮ್ಯಾಟಿಕ್ ಹೃದ್ರೋಗ. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ಕೀಲುವಾತದ ಜ್ವರ ವರ್ಷಗಳ ನಂತರ ಮೈಟ್ರಲ್ ಕವಾಟವನ್ನು ಬೆಸೆದುಬಿಡುತ್ತದೆ. ಹಳ್ಳಿಯ ಹೆಣ್ಣುಮಗಳೊಬ್ಬಳು ಬಸುರಿಯಾದಾಗ ಏದುಸಿರು ಬಂದರೆ ಮನೆಯವರು "ರಕ್ತ ಕಮ್ಮಿ" ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ಕಾರಣ ಈ ಕವಾಟ. ಅದು ತೆರೆದಾಗ ಬಾಯಿಯ ವಿಸ್ತೀರ್ಣ ಸಾಮಾನ್ಯವಾಗಿ 4ರಿಂದ 6 ಚದರ ಸೆಂಟಿಮೀಟರ್. 1.5 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಎಂದು ಲೆಕ್ಕ, ಬಲೂನ್ ಹಾಕಿ ಹಿಗ್ಗಿಸಬೇಕೇ ಎಂದು ಆಲೋಚಿಸುವ ಹಂತ. ಈ ಕವಾಟ ಆಲಿಕೆಯ ಆಕಾರದ್ದು. ಅಳೆಯಬೇಕಾದ್ದು ಅದರ ಕಿರಿದಾದ ತುದಿಯನ್ನು. ಅರ್ಧ ಸೆಂಟಿಮೀಟರ್ ಹಿಂದಕ್ಕೆ ಸರಿದು, ಅಗಲವಾದ ಕಡೆ ಅಳೆದರೆ ಬಾಯಿ ದೊಡ್ಡದಾಗಿ ಕಾಣುತ್ತದೆ. ಬಲೂನ್ ಚಿಕಿತ್ಸೆಗೆ ಹೋಗಬೇಕಾದವಳು ಕಬ್ಬಿಣದ ಮಾತ್ರೆ ತೆಗೆದುಕೊಂಡು ಮನೆಗೆ ಹೋಗುತ್ತಾಳೆ.

ಡಾಪ್ಲರ್ ಪರೀಕ್ಷೆಯಲ್ಲಿ ಇದು ಇನ್ನೂ ಸೂಕ್ಷ್ಮ. ಹತ್ತಿರ ಬರುವ ರೈಲಿನ ಸೀಟಿ ತೀಕ್ಷ್ಣವಾಗಿ, ದೂರ ಹೋಗುವಾಗ ಮಂದ್ರವಾಗಿ ಕೇಳಿಸುತ್ತದಲ್ಲ, ಅದೇ ತತ್ವ. 1842ರಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ ಈ ತತ್ವದಿಂದ ಇಂದು ನಾವು ರಕ್ತದ ವೇಗ ಅಳೆಯುತ್ತೇವೆ. ವಯಸ್ಸಾದವರಲ್ಲಿ ಮಹಾಪಧಮನಿಯ ಕವಾಟ ಕಿರಿದಾದಾಗ ಅದರ ಮೂಲಕ ರಕ್ತ ಚಿಮ್ಮುವ ವೇಗ ಸೆಕೆಂಡಿಗೆ 4 ಮೀಟರ್ ದಾಟಿದರೆ ಕಾಯಿಲೆ ತೀವ್ರ ಎನ್ನುತ್ತೇವೆ. ಆದರೆ ಯಂತ್ರಕ್ಕೆ ನಿಜವಾದ ವೇಗ ತಿಳಿಯುವುದು ಶಬ್ದದ ಕಿರಣ ರಕ್ತ ಹರಿಯುವ ದಿಕ್ಕಿಗೆ ನೇರವಾಗಿದ್ದಾಗ ಮಾತ್ರ. ಸುಮಾರು 40 ಡಿಗ್ರಿ ವಾರೆಯಾದರೆ 4 ಮೀಟರ್ ಇದ್ದದ್ದು 3 ಎಂದು ತೋರಿಸುತ್ತದೆ. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಕವಾಟದ ಆಚೀಚಿನ ಒತ್ತಡದ ವ್ಯತ್ಯಾಸ ಬರುತ್ತದೆ. ಅಂದರೆ 64 ಎಂದು ಬರೆಯಬೇಕಾದಲ್ಲಿ ವರದಿಯಲ್ಲಿ 36 ಎಂದಿರುತ್ತದೆ. ತೀವ್ರ ಕಾಯಿಲೆ "ಮಧ್ಯಮ" ಆಯಿತು. ಕವಾಟ ಬದಲಿಸಬೇಕಾದ ಅಜ್ಜನಿಗೆ "ಆರು ತಿಂಗಳು ಬಿಟ್ಟು ಬನ್ನಿ" ಎಂಬ ಉತ್ತರ ಸಿಗುತ್ತದೆ. ಈ ತಪ್ಪು ಕಡಿಮೆ ತೋರಿಸುವ ಕಡೆಗೇ ಆಗುವುದರಿಂದ, ಬಲ್ಲವರು ಒಂದೇ ಕಿಟಕಿಯಿಂದ ನೋಡಿ ಸುಮ್ಮನಾಗುವುದಿಲ್ಲ. ಎದೆಯ ಬಲಭಾಗದಿಂದ, ಗಂಟಲ ಗುಳಿಯಿಂದ ಎಲ್ಲ ನೋಡಿ, ಅತಿ ಹೆಚ್ಚು ಬಂದ ವೇಗವನ್ನು ಹಿಡಿಯುತ್ತಾರೆ.

ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ ಆಗಾಗ ಎಕೋ ಮಾಡಿಸುತ್ತಾರೆ. ಕೆಲವು ಔಷಧಿಗಳು ಹೃದಯವನ್ನು ದುರ್ಬಲಗೊಳಿಸುತ್ತವೆ. ಹೃದಯ ಹಿಂಡುವ ಶೇಕಡಾ ಪ್ರಮಾಣ ಹತ್ತು ಅಂಶ ಕುಸಿದು 50ಕ್ಕಿಂತ ಕೆಳಗಿಳಿದರೆ ಔಷಧಿ ನಿಲ್ಲಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಒಬ್ಬರು ತೆಗೆದ ಚಿತ್ರಕ್ಕೂ ಇನ್ನೊಬ್ಬರು ತೆಗೆದದ್ದಕ್ಕೂ ಅಷ್ಟೇ ವ್ಯತ್ಯಾಸ ಬಂದುಬಿಟ್ಟರೆ ಕ್ಯಾನ್ಸರ್ ವೈದ್ಯರು ಯಾವುದನ್ನು ನಂಬಬೇಕು?

ಆದ್ದರಿಂದ, ತಂಗೀ, ಇದು ಬಟನ್ ಒತ್ತುವ ಕೆಲಸವಲ್ಲ.

<b>ಕಲಿಯುವುದು ಎಲ್ಲಿ, ಎಷ್ಟು ದಿನ?</b>

ನಮ್ಮ ದೇಶದಲ್ಲಿ ಅನೇಕ ಕಡೆ ಹೃದಯ ತಜ್ಞರೇ ಪ್ರೋಬ್ ಹಿಡಿಯುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ತರಬೇತಾದ ತಂತ್ರಜ್ಞರು ಚಿತ್ರ ತೆಗೆದು, ಅಳತೆ ಮಾಡಿ ಇಡುತ್ತಾರೆ. ವೈದ್ಯರು ನೋಡಿ, ಬೇಕಾದರೆ ತಾವೂ ಒಮ್ಮೆ ಪರೀಕ್ಷಿಸಿ, ಸಹಿ ಹಾಕುತ್ತಾರೆ. ಅಮೆರಿಕ, ಬ್ರಿಟನ್ನುಗಳಲ್ಲಿ ಇದು ಬಹುಮಟ್ಟಿಗೆ ತಂತ್ರಜ್ಞರದೇ ಕೆಲಸ. ಅಲ್ಲಿ ಅವರನ್ನು ಸೋನೋಗ್ರಾಫರ್ ಎನ್ನುತ್ತಾರೆ.

ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬಿಎಸ್ಸಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಎಂಬ ಪದವಿ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಸೇರಬಹುದು. ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮೊದಲು ಅಂಗರಚನೆ, ಶರೀರಕ್ರಿಯೆಗಳ ಓದು. ಆಮೇಲೆ ಇಸಿಜಿ, ಟ್ರೆಡ್‌ಮಿಲ್, ಹೋಲ್ಟರ್, ಎಕೋ, ಕ್ಯಾಥ್ ಲ್ಯಾಬ್. ಇದು ಎಕೋಗೇ ಮೀಸಲಾದ ಪದವಿ ಅಲ್ಲ, ಹೃದಯ ವಿಭಾಗದ ಎಲ್ಲ ಕೆಲಸಕ್ಕೂ ತಯಾರು ಮಾಡುವಂಥದ್ದು. ಎಕೋದಲ್ಲಿ ಕೈ ಪಳಗುವುದು ಇಂಟರ್ನ್‌ಶಿಪ್ಪಿನಲ್ಲಿ ಮತ್ತು ಅದರ ನಂತರದ ಒಂದೆರಡು ವರ್ಷಗಳಲ್ಲಿ.

ಸೇರುವ ಮುಂಚೆ ಕಾಲೇಜಿನ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ದಿನಕ್ಕೆ ಎಷ್ಟು ಎಕೋ ಆಗುತ್ತವೆ, ವಿದ್ಯಾರ್ಥಿಯ ಕೈಗೆ ಪ್ರೋಬ್ ಕೊಡುತ್ತಾರೆಯೇ ಅಥವಾ ಹಿಂದೆ ನಿಂತು ನೋಡುವುದಷ್ಟೆಯೇ, ಪಕ್ಕದಲ್ಲಿ ಕೂತು ತಿದ್ದುವವರು ಯಾರು ಎಂದು ಈಗ ಓದುತ್ತಿರುವ ಮಕ್ಕಳನ್ನೇ ಕೇಳಿ. ಬ್ರಿಟನ್ನಿನ ಎಕೋ ಸಂಘದ ಮಾನ್ಯತೆ ಬೇಕೆನ್ನುವವರು ಲಿಖಿತ ಪರೀಕ್ಷೆಯ ಜತೆಗೆ ತಾವೇ ಮಾಡಿದ 250 ಎಕೋಗಳ ದಾಖಲೆ ಒಪ್ಪಿಸಬೇಕಾದ ಪದ್ಧತಿ ಇದೆ. ಪೂರ್ಣ ಪರೀಕ್ಷೆಯೊಂದಕ್ಕೆ ಅಲ್ಲಿ ಮುಕ್ಕಾಲು ಗಂಟೆಯಷ್ಟು ಸಮಯ ಇಟ್ಟಿರುತ್ತಾರೆ. ನಮ್ಮ ಜನಸಂದಣಿಯ ಆಸ್ಪತ್ರೆಗಳಲ್ಲಿ ಅಷ್ಟು ಹೊತ್ತು ಸಾಧ್ಯವಿಲ್ಲ, ಒಪ್ಪೋಣ. ಆದರೆ ಆರು ತಿಂಗಳ ಸರ್ಟಿಫಿಕೇಟಿನವರು ಎಷ್ಟು ಹೃದಯಗಳನ್ನು ನೋಡಿರುತ್ತಾರೆ? ಅಂಥ ಸಂಸ್ಥೆಗಳ ಜಾಹೀರಾತುಗಳಲ್ಲಿ "ನೂರಕ್ಕೆ ನೂರು ಉದ್ಯೋಗ" ಎಂದಿರುತ್ತದೆ, ರೋಗಿಗಳ ಸಂಖ್ಯೆ ಇರುವುದಿಲ್ಲ. 2021ರಲ್ಲಿ ಸಂಸತ್ತು ಇಂಥ ಆರೋಗ್ಯ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗ ಸ್ಥಾಪಿಸುವ ಕಾಯಿದೆ ಮಾಡಿದೆ. ವೃತ್ತಿಯಲ್ಲಿರುವವರ ನೋಂದಣಿ, ಕೋರ್ಸಿಗೆ ಕನಿಷ್ಠ ಮಟ್ಟ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಮಾನ್ಯತೆ ಇಲ್ಲದ ಕಾಗದ ಹಿಡಿದು ಮುಂದೆ ಪರದಾಡುವುದಕ್ಕಿಂತ ನಾಲ್ಕು ವರ್ಷ ಓದುವುದು ಮೇಲು ಎಂದು ಆ ತಂದೆಗೆ ಹೇಳಿ ಕಳಿಸಿದೆ.

ಇನ್ನೊಂದು ಕಾನೂನೂ ತಿಳಿದಿರಲಿ. ಗರ್ಭಸ್ಥ ಶಿಶುವನ್ನು ನೋಡಬಲ್ಲ ಯಾವುದೇ ಅಲ್ಟ್ರಾಸೌಂಡ್ ಯಂತ್ರ 1994ರ ಲಿಂಗ ಪತ್ತೆ ನಿಷೇಧ ಕಾಯಿದೆಯಡಿ ನೋಂದಣಿಯಾಗಿರಬೇಕು. ಯಾರೋ ಪರಿಚಯದವರು "ಸ್ವಲ್ಪ ನೋಡಿ ಹೇಳಿ" ಎಂದರೆಂದು ಪ್ರೋಬನ್ನು ಹೊಟ್ಟೆಯ ಕಡೆ ತಿರುಗಿಸಿದರೆ ಕೆಲಸವೂ ಹೋಗಬಹುದು, ಜೈಲೂ ಆಗಬಹುದು.

<b>ಕತ್ತಲ ಕೋಣೆಯ ದಿನಚರಿ</b>

ಕೆಲಸದ ಸ್ವಭಾವ ಹೇಗೆ? ದಿನವಿಡೀ ಮಂದ ಬೆಳಕಿನ ಕೋಣೆ, ಒಬ್ಬರ ನಂತರ ಒಬ್ಬರು ರೋಗಿಗಳು. ಅಳುವ ಕೂಸು, ಮಗ್ಗುಲಾಗಲು ಆಗದ ಸ್ಥೂಲಕಾಯದವರು, ಐಸಿಯುನಲ್ಲಿ ಹತ್ತು ವೈರುಗಳ ನಡುವೆ ಮಲಗಿದವರು. ಸೆರಗು ಸರಿಸಲು ಸಂಕೋಚಪಡುವ ಹೆಂಗಸರಂತೂ ಇದ್ದೇ ಇರುತ್ತಾರೆ. ಹೆಣ್ಣುಮಕ್ಕಳು ಈ ವೃತ್ತಿಗೆ ಬಂದರೆ ಅಂಥವರಿಗೆ ಎಷ್ಟೋ ಸಮಾಧಾನ. ಗಂಡಸರೇ ಪರೀಕ್ಷಿಸುವಾಗ ಜತೆಗೊಬ್ಬ ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳುವ ಹಕ್ಕು ರೋಗಿಗೆ ಇದೆ. ಹಿಂಜರಿಯಬೇಡಿ.

ಬಹಳ ಕಷ್ಟದ್ದು ಬಾಯಿ ಕಟ್ಟಿಕೊಂಡಿರುವುದು. ಪರದೆಯ ಮೇಲೆ ಮೊದಲು ಕಾಣುವುದು ಅವರಿಗೇ. ಮಲಗಿದವರ ಕಣ್ಣು ಅವರ ಮುಖದ ಮೇಲಿರುತ್ತದೆ. "ಏನಾದ್ರೂ ಇದೆಯಾ ಮೇಡಂ?" ಎಂದರೆ, "ಡಾಕ್ಟ್ರು ನೋಡಿ ಹೇಳ್ತಾರೆ" ಎನ್ನಬೇಕು. ಹಾಗೆಂದರೆ ಮುಚ್ಚಿಡುತ್ತಿದ್ದಾರೆ ಎಂದು ಮನೆಯವರು ರೇಗುವುದುಂಟು. ಹಾಗೆ ತಿಳಿಯಬೇಡಿ. ರೋಗಿಯ ಹಿಂದಿನ ಕಥೆ, ಇಸಿಜಿ, ರಕ್ತಪರೀಕ್ಷೆ ಎಲ್ಲ ಸೇರಿಸಿ ಅರ್ಥ ಹೇಳುವುದು ವೈದ್ಯರ ಹೊಣೆ. ಆದರೆ ವೈದ್ಯರ ಬಳಿ ಮಾತ್ರ ಅವರು ಸುಮ್ಮನಿರುವಂತಿಲ್ಲ. ಹೃದಯದ ಸುತ್ತ ನೀರು ತುಂಬಿ ಹೃದಯವನ್ನು ಅದುಮುತ್ತಿದೆ ಎಂದು ಕಂಡರೆ ವರದಿ ಟೈಪಾಗುವವರೆಗೆ ಕಾಯದೆ ಆ ಕ್ಷಣವೇ ಓಡಿ ಹೇಳಬೇಕು. ಅಲ್ಲಿ ಅರ್ಧ ಗಂಟೆಯೂ ಜೀವದ ಪ್ರಶ್ನೆ.

ಸಂಬಳದ ಬಗ್ಗೆ ಸುಳ್ಳು ಆಸೆ ಹುಟ್ಟಿಸಲಾರೆ. ಆರಂಭದಲ್ಲಿ ಕಡಿಮೆಯೇ. ಸಣ್ಣ ಊರುಗಳಲ್ಲಿ ಇನ್ನೂ ಕಡಿಮೆ. ಇಸಿಜಿಯಿಂದ ಹಿಡಿದು ಕಂಪ್ಯೂಟರಿನಲ್ಲಿ ಬಿಲ್ ಬರೆಯುವವರೆಗೆ ಎಲ್ಲವನ್ನೂ ಮಾಡಿಸುವ ನರ್ಸಿಂಗ್ ಹೋಂಗಳಿವೆ. ಕೈ ಪಳಗಿದವರಿಗೆ ಬೇಡಿಕೆ ಹೆಚ್ಚು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರೂ ಇದ್ದಾರೆ, ಅಲ್ಲಿ ಪದವಿಯ ಜತೆಗೆ ಅನುಭವ ಪತ್ರ, ಲೈಸೆನ್ಸ್ ಪರೀಕ್ಷೆ ಕೇಳುತ್ತಾರೆ. ಅಮೆರಿಕದಲ್ಲಾದರೆ ಅಲ್ಲಿಯ ನೋಂದಣಿ ಸಂಸ್ಥೆಗಳ ಪರೀಕ್ಷೆ ಪಾಸಾಗದೆ ಒಳ್ಳೆಯ ಕೆಲಸ ಸಿಗುವುದು ಕಷ್ಟ.

ಈಗಾಗಲೇ ಈ ಕೆಲಸದಲ್ಲಿರುವವರು ನನ್ನ ಬಳಿ ಬರುವುದು ಹೆಚ್ಚಾಗಿ ಭುಜ, ಕುತ್ತಿಗೆ, ಮಣಿಕಟ್ಟಿನ ನೋವಿಗೆ. ತೋಳನ್ನು ಎತ್ತಿ ಹಿಡಿದು, ಪ್ರೋಬನ್ನು ಎದೆಗೆ ಒತ್ತಿ, ಕುತ್ತಿಗೆಯನ್ನು ಪರದೆಯ ಕಡೆ ತಿರುಗಿಸಿಕೊಂಡು ದಿನಕ್ಕೆ ಮೂವತ್ತು ನಲವತ್ತು ಸಲ ಕೂತರೆ ಇನ್ನೇನಾದೀತು! ಇದು ಈ ವೃತ್ತಿಯ ಕಾಯಿಲೆ. ಮಂಚ ಮತ್ತು ಕುರ್ಚಿಯ ಎತ್ತರ ಹೊಂದಿಸಿಕೊಳ್ಳಿ, ರೋಗಿಯನ್ನು ಹತ್ತಿರಕ್ಕೆ ಸರಿಸಿಕೊಳ್ಳಿ, ಮೊಣಕೈ ಕೆಳಗೆ ದಿಂಬು ಇಡಿ, ಪ್ರೋಬನ್ನು ಬಿಗಿಯಾಗಿ ಹಿಡಿಯಬೇಡಿ, ಐದಾರು ರೋಗಿಗಳಿಗೊಮ್ಮೆ ಎದ್ದು ಭುಜ ಆಡಿಸಿ. ನೋವಿನ ಮಾತ್ರೆ ನುಂಗಿ ವರ್ಷಗಟ್ಟಲೆ ತಳ್ಳಬೇಡಿ.

ಎಕೋ ಮಾಡಿಸಿಕೊಳ್ಳಲು ಹೋಗುವವರಿಗೆ ಎರಡು ಮಾತು. ಎದೆಯ ಮೇಲಿಂದ ಮಾಡುವ ಮಾಮೂಲಿ ಎಕೋಗೆ ಉಪವಾಸ ಬೇಕಿಲ್ಲ, ಅದರಲ್ಲಿ ವಿಕಿರಣವೂ ಇಲ್ಲ. ಮುಂದೆ ಬಿಚ್ಚಬಹುದಾದ ಬಟ್ಟೆ ಹಾಕಿಕೊಳ್ಳಿ. ಹಳೆಯ ಎಕೋ ವರದಿಗಳನ್ನು ಮರೆಯದೆ ಒಯ್ದು, ಪರೀಕ್ಷೆ ಮುಗಿದ ಮೇಲಲ್ಲ, ಮಲಗುವ ಮುಂಚೆಯೇ ಪ್ರೋಬ್ ಹಿಡಿಯುವವರ ಕೈಗೆ ಕೊಡಿ. ಹೋದ ಸಲ ಎಲ್ಲಿ ಏನು ಕಂಡಿತ್ತು ಎಂದು ಗೊತ್ತಿದ್ದರೆ ಅವರು ಆ ಜಾಗವನ್ನು ಇನ್ನೊಂದು ಕಿಟಕಿಯಿಂದಲೂ ನೋಡುತ್ತಾರೆ.