ಪ್ರವೇಶ ಪತ್ರ ಬಂದ ಬಳಿಕದ ಎರಡು ತಿಂಗಳು

ಅಧ್ಯಾಪಕ ವೃತ್ತಿ, ದಾದಿಯರ ವೃತ್ತಿ, ಬ್ಯಾಂಕಿನ ಗುಮಾಸ್ತಿಕೆ, ಇಲ್ಲವೇ ಕೊಲ್ಲಿ ರಾಷ್ಟ್ರಗಳ ನೌಕರಿ ಎಂಬಷ್ಟಕ್ಕೇ ಬಹುಕಾಲ ಸೀಮಿತವಾಗಿದ್ದ ನಮ್ಮ ಕುಟುಂಬಗಳ ಆಕಾಂಕ್ಷೆ ಇಂದು ಎಂ.ಬಿ.ಎ. ಶಿಕ್ಷಣದತ್ತಲೂ ಹೊರಳಿರುವುದು ಸಂತೋಷದ ಸಂಗತಿ. ಯೇಸುಸಭೆಯ ಗುರುಗಳು 1949ರಲ್ಲಿ ಜಮ್‌ಷೆಡ್‌ಪುರದಲ್ಲಿ ಸ್ಥಾಪಿಸಿದ ಎಕ್ಸ್.ಎಲ್.ಆರ್.ಐ., 1973ರಲ್ಲಿ ಆರಂಭಗೊಂಡ ಬೆಂಗಳೂರಿನ ಐ.ಐ.ಎಂ. ಮೊದಲಾದ ಸಂಸ್ಥೆಗಳ ಹೆಸರು ಕರಾವಳಿಯ ಹಳ್ಳಿಮನೆಗಳಲ್ಲಿಯೂ ಕೇಳಿಬರುತ್ತಿದೆ. ಪ್ರವೇಶ ಪರೀಕ್ಷೆಗಾಗಿ ಮಕ್ಕಳು ವರ್ಷಗಟ್ಟಲೆ ದುಡಿಯುತ್ತಾರೆ. ಹೆತ್ತವರು ತರಬೇತಿ ಶುಲ್ಕ ತೆರುತ್ತಾರೆ. ಆದರೆ ಪ್ರವೇಶ ಪತ್ರ ಕೈಸೇರಿದ ದಿನವೇ ಪುಸ್ತಕಗಳು ಅಟ್ಟವೇರುವುದನ್ನು ಕಂಡು ನಮಗೆ ಕಳವಳವಾಗಿದೆ. ಈ ವಾರ ಆ ಕುರಿತು ಎರಡು ಮಾತು.

ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ ‘ಕ್ಯಾಟ್’ ಪರೀಕ್ಷೆ, ಮುಂದೆ ಸಂದರ್ಶನ, ಏಪ್ರಿಲ್ ಮೇ ತಿಂಗಳುಗಳಲ್ಲಿ ಪ್ರವೇಶದ ನಿರ್ಧಾರ, ಜೂನ್ ವೇಳೆಗೆ ತರಗತಿಗಳ ಆರಂಭ - ಇದು ಐ.ಐ.ಎಂ.ಗಳ ಕ್ರಮ. ರಾಜ್ಯದ ಪಿ.ಜಿ.ಸಿ.ಇ.ಟಿ. ಮೂಲಕ ಹೋಗುವವರಿಗೆ ತರಗತಿಗಳು ಇನ್ನೂ ತಡವಾಗಿ ತೊಡಗುತ್ತವೆ. ಹೇಗಿದ್ದರೂ ನಡುವೆ ಕೆಲವು ವಾರಗಳ ಬಿಡುವು ದೊರೆಯುತ್ತದೆ. ಅದು ನಮ್ಮಲ್ಲಿ ಮದುವೆಗಳ ಕಾಲವೂ ಹೌದು. ಇಂದು ಒಂದು ಮನೆಯ ರೋಸ್, ನಾಳೆ ಇನ್ನೊಂದು ಮನೆಯ ಆರತಕ್ಷತೆ, ನಾಡಿದ್ದು ಕೊಲ್ಲಿಯಿಂದ ಬಂದ ಮಾವನ ಮನೆಗೆ ಭೇಟಿ ಎಂದು ದಿನಗಳು ಸರಿದುಹೋಗುತ್ತವೆ. ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ದಿನಕ್ಕೆರಡು ಗಂಟೆ ಓದಿಗೆ ಉಳಿದರೆ ಸಾಕು.

ಅದೇಕೆ ಅಷ್ಟು ಅವಶ್ಯವೆಂದರೆ, ಪ್ರವೇಶ ಪರೀಕ್ಷೆಯ ಸಿದ್ಧತೆಯು ತರಗತಿಯ ಸಿದ್ಧತೆಯಲ್ಲ. ‘ಕ್ಯಾಟ್’ ಪರೀಕ್ಷೆಯು ಭಾಷಾ ಗ್ರಹಿಕೆ, ತರ್ಕ ಮತ್ತು ಶಾಲಾಮಟ್ಟದ ಗಣಿತವನ್ನು ಅಳೆಯುತ್ತದೆ. ಅದರಲ್ಲಿ ಲೆಕ್ಕಶಾಸ್ತ್ರವಿಲ್ಲ, ಅರ್ಥಶಾಸ್ತ್ರವಿಲ್ಲ. ಮೊದಲ ತ್ರೈಮಾಸಿಕದಲ್ಲಾದರೋ ಈ ಎರಡೂ, ಜತೆಗೆ ಸಂಖ್ಯಾಶಾಸ್ತ್ರವೂ ಏಕಕಾಲಕ್ಕೆ ಎದುರಾಗುತ್ತವೆ. ಹಲವು ಸಂಸ್ಥೆಗಳಲ್ಲಿ ಅಂಕಗಳನ್ನು ಸಹಪಾಠಿಗಳೊಡನೆ ಹೋಲಿಸಿ ಶ್ರೇಣಿ ನೀಡುವ ಪದ್ಧತಿಯಿದೆ. ಆ ಸಹಪಾಠಿಗಳಲ್ಲಿ ದೊಡ್ಡ ಪಾಲು ಎಂಜಿನಿಯರಿಂಗ್ ಪದವೀಧರರು. ಕೆಲವರು ಲೆಕ್ಕಪರಿಶೋಧಕರ ಪರೀಕ್ಷೆಯನ್ನೂ ಮುಗಿಸಿದವರು. ಮೇಲಾಗಿ ಬೇಸಿಗೆ ತರಬೇತಿಗಾಗಿ ಕಂಪನಿಗಳು ವಿದ್ಯಾರ್ಥಿಗಳನ್ನು ಆಯ್ದುಕೊಳ್ಳುವುದು ಐ.ಐ.ಎಂ.ಗಳಲ್ಲಿ ಅಕ್ಟೋಬರ್ ನವೆಂಬರ್ ಹೊತ್ತಿಗೆ. ಜೂನ್‌ನಲ್ಲಿ ಕಾಲಿಟ್ಟ ವಿದ್ಯಾರ್ಥಿಯ ಕೈಯಲ್ಲಿ ಆಗ ತೋರಿಸಲು ಇರುವುದು ಬಹುಮಟ್ಟಿಗೆ ಮೊದಲ ತ್ರೈಮಾಸಿಕದ ಫಲಿತಾಂಶ ಮಾತ್ರ. ಸಾಲ ಮಾಡಿ, ಒಡವೆ ಅಡವಿಟ್ಟು ಕಳುಹಿಸಿದ ಹೆತ್ತವರಿಗೆ ಈ ವಿಷಯ ತಿಳಿದಿರುವುದು ಒಳ್ಳೆಯದು.

ಮೊದಲು ಕಲಿಯತಕ್ಕದ್ದು ಯಾವುದು? ಲೆಕ್ಕಶಾಸ್ತ್ರವೆಂದೇ ನಮ್ಮ ಅಭಿಪ್ರಾಯ. ವೆನಿಸಿನ ವರ್ತಕರು ರೂಢಿಸಿಕೊಂಡಿದ್ದ ದ್ವಿನಮೂದು ಪದ್ಧತಿಯನ್ನು 1494ರಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ವಿವರಿಸಿದಾತ ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ. ಸನ್ಯಾಸಿಗೆ ಲಾಭನಷ್ಟದ ಗೊಡವೆಯೇಕೆಂದು ಕೇಳುವವರಿರಬಹುದು. ಆತ ಗಣಿತದ ಅಧ್ಯಾಪಕ. ಮೂಲಸೂತ್ರವೂ ಗಣಿತದ್ದೇ: ಆಸ್ತಿಯ ಮೊತ್ತವು ಹೊಣೆಗಾರಿಕೆ ಹಾಗೂ ಒಡೆಯನ ಬಂಡವಾಳ ಇವೆರಡರ ಮೊತ್ತಕ್ಕೆ ಸಮ.

ಕಲಾ ಪದವೀಧರರು ಇಲ್ಲಿಯೇ ಎಡವುತ್ತಾರೆ. ನಮ್ಮ ಊರಿನದೇ ಉದಾಹರಣೆ ನೋಡೋಣ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತ್ತು. ದಿನನಿತ್ಯ ಪಿಗ್ಮಿಗೆ ಹಾಕಿದ ಹಣ ಮನೆಯವರ ಪಾಲಿಗೆ ಆಸ್ತಿ. ಅದೇ ಹಣ ಬ್ಯಾಂಕಿನ ಪುಸ್ತಕದಲ್ಲಿ ಹೊಣೆಗಾರಿಕೆ, ಏಕೆಂದರೆ ಬ್ಯಾಂಕು ಅದನ್ನು ಹಿಂದಿರುಗಿಸಬೇಕು. ನಮ್ಮ ಪಾಸ್‌ಪುಸ್ತಕದಲ್ಲಿ ಅದು ‘ಜಮೆ’ಯ ಅಂಕಣದಲ್ಲಿ ಕಾಣುವುದೂ ಇದೇ ಕಾರಣದಿಂದ; ಆ ಪುಸ್ತಕ ಬ್ಯಾಂಕಿನ ಕಣ್ಣಿನಿಂದ ಬರೆದದ್ದು. ಯಾರ ದೃಷ್ಟಿಯಿಂದ ಬರೆದ ಲೆಕ್ಕವೆಂಬ ಪ್ರಶ್ನೆಯನ್ನು ಕೇಳಲು ಕಲಿತವನಿಗೆ ಅರ್ಧ ತೊಡಕು ನೀಗಿತು.

ಉಳಿದರ್ಧ ತೊಡಕು ಲಾಭಕ್ಕೂ ನಗದಿಗೂ ಇರುವ ಅಂತರದ್ದು. ಬಂಟ್ವಾಳದಲ್ಲಿ ಒಬ್ಬಾತ 2 ಲಕ್ಷ ರೂಪಾಯಿ ಸ್ವಂತ ಹಣ ಮತ್ತು 3 ಲಕ್ಷ ರೂಪಾಯಿ ಸಾಲದಿಂದ ಬೇಕರಿ ತೆರೆದನೆಂದು ಭಾವಿಸೋಣ. 2.5 ಲಕ್ಷಕ್ಕೆ ಒಲೆ, 50 ಸಾವಿರಕ್ಕೆ ಹಿಟ್ಟು ಕೊಂಡು ಉಳಿದ 2 ಲಕ್ಷವನ್ನು ಬ್ಯಾಂಕಿನಲ್ಲಿಟ್ಟ. ಒಟ್ಟು ಆಸ್ತಿ 5 ಲಕ್ಷ, ಲೆಕ್ಕ ಸರಿಹೊಂದಿತು. ಆ ಹಿಟ್ಟನ್ನೆಲ್ಲ ಬ್ರೆಡ್ಡು ಮಾಡಿ 80 ಸಾವಿರ ರೂಪಾಯಿಗೆ ಹೋಟೆಲುಗಳಿಗೆ ಉದ್ದರಿ ಕೊಟ್ಟ. ಕೂಲಿ, ಇಂಧನ, ಒಲೆಯ ಸವಕಳಿಗಳನ್ನು ಸದ್ಯಕ್ಕೆ ಬದಿಗಿಟ್ಟರೆ ಅವನಿಗೆ 30 ಸಾವಿರ ಲಾಭ. ಆದರೆ ಕೈಗೆ ಬಂದ ನಗದು? ಒಂದು ಪೈಸೆಯೂ ಇಲ್ಲ. ತಿಂಗಳ ಕೊನೆಗೆ ಸಾಲದ ಕಂತನ್ನು ಆತ ಬ್ಯಾಂಕಿನಲ್ಲಿಟ್ಟ ಹಣದಿಂದಲೇ ತೆರಬೇಕು. ಲಾಭದಲ್ಲಿದ್ದೂ ಅಂಗಡಿಗಳು ಮುಚ್ಚುವುದುಂಟೆಂಬ ಮಾತಿನ ಮರ್ಮ ಇದೇ. ಇಂಥ ನಾಲ್ಕಾರು ಕಾಲ್ಪನಿಕ ಅಂಗಡಿಗಳ ಅಢಾವೆ ಪತ್ರಿಕೆಯನ್ನು ಕೈಯಾರೆ ಬರೆದವರಿಗೆ ತರಗತಿಯಲ್ಲಿ ಗಾಬರಿಯಾಗದು.

ವಾಣಿಜ್ಯ ಪದವೀಧರರು ಇದೆಲ್ಲ ನಮಗೆ ಗೊತ್ತು ಎನ್ನಬಹುದು. ನಮೂದಿಸುವುದು ಅವರಿಗೆ ಗೊತ್ತಿದೆ, ನಿಜ. ಆದರೆ ಅಲ್ಲಿ ಕೇಳುವುದು, ಬರೆದಿಟ್ಟ ಅಂಕಿಗಳು ಏನನ್ನು ಹೇಳುತ್ತಿವೆ ಎಂಬುದನ್ನು. ಮಂಗಳೂರಿನ ಎಂ.ಆರ್.ಪಿ.ಎಲ್.ನಂಥ ಕಂಪನಿಯ ಎರಡು ಮೂರು ವರ್ಷಗಳ ವಾರ್ಷಿಕ ವರದಿಗಳನ್ನು ಅದರ ಜಾಲತಾಣದಿಂದ ಪಡೆದು, ಕಚ್ಚಾತೈಲದ ಬೆಲೆ ಬದಲಾದಾಗ ಲಾಭಕ್ಕೆ ಏನಾಯಿತೆಂದು ಪರಿಶೀಲಿಸಲಿ. ಬ್ಯಾಂಕುಗಳ ವರದಿ ಆರಂಭದಲ್ಲಿ ತುಸು ತೊಡಕು. ಅದನ್ನು ಆಮೇಲೆ ನೋಡಬಹುದು.

ಸಂಖ್ಯಾಶಾಸ್ತ್ರದಲ್ಲಿ ಸರಾಸರಿ, ಮಧ್ಯಾಂಕ, ಸಂಭವನೀಯತೆ ಇಷ್ಟು ಸ್ಪಷ್ಟವಾದರೆ ಮುಂದಿನ ದಾರಿ ಸುಗಮ. ಇದರ ಉಪಯೋಗ ಸಂಸ್ಥೆಯನ್ನು ಆರಿಸುವಾಗಲೇ ತಿಳಿಯುವಂಥದ್ದು. ಐವರು ವಿದ್ಯಾರ್ಥಿಗಳಿಗೆ ವರ್ಷಕ್ಕೆ 6, 7, 7, 8 ಮತ್ತು 42 ಲಕ್ಷ ರೂಪಾಯಿ ಸಂಬಳದ ಕೆಲಸ ಸಿಕ್ಕಿತೆನ್ನಿ. ಸರಾಸರಿ 14 ಲಕ್ಷ. ಮಧ್ಯಾಂಕ 7 ಲಕ್ಷ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಯಾವುದನ್ನು ಅಚ್ಚು ಹಾಕುತ್ತಾರೆಂದು ವಾಚಕರು ಊಹಿಸಬಲ್ಲರು. ಹಣದ ಕಾಲಮೌಲ್ಯವನ್ನೂ ಇದರ ಜತೆಯಲ್ಲೇ ಕಲಿಯಬೇಕು: ಶೇಕಡಾ 10ರ ಚಕ್ರಬಡ್ಡಿಯಲ್ಲಿ ಇಂದಿನ 10 ಲಕ್ಷ ಎರಡು ವರ್ಷಗಳಲ್ಲಿ 12 ಲಕ್ಷ 10 ಸಾವಿರವಾಗುತ್ತದೆ, ಆದ್ದರಿಂದ ಅದೇ ದರದಲ್ಲಿ ಎರಡು ವರ್ಷ ತಡೆದು ಬರುವ 12 ಲಕ್ಷ 10 ಸಾವಿರದ ಇಂದಿನ ಬೆಲೆ 10 ಲಕ್ಷ ಮಾತ್ರ. ಈ ಲೆಕ್ಕಗಳನ್ನು ಕಾಗದದ ಮೇಲೆ ಒಮ್ಮೆ, ಗಣಕಯಂತ್ರದ ಎಕ್ಸೆಲ್ ಹಾಳೆಯಲ್ಲಿ ಇನ್ನೊಮ್ಮೆ ಮಾಡುವುದು ಲೇಸು. ಅರ್ಥಶಾಸ್ತ್ರದಲ್ಲಿ ಬೇಡಿಕೆ, ಪೂರೈಕೆ, ಸೀಮಾಂತ ವೆಚ್ಚ ಇವುಗಳ ಪರಿಚಯವಿದ್ದರೆ ಸಾಕು.

ಇಂಗ್ಲಿಷಿನ ಪ್ರಶ್ನೆ ಸೂಕ್ಷ್ಮವಾದದ್ದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು ಆಡಿ ಬೆಳೆದ ನಮ್ಮ ಮಕ್ಕಳಿಗೆ ಬುದ್ಧಿಯ ಕೊರತೆಯಿಲ್ಲ. ವೇಗವಾಗಿ ಓದುವ ಅಭ್ಯಾಸದ ಕೊರತೆಯಿದೆ. 1961ರಲ್ಲಿ ಸ್ಥಾಪನೆಗೊಂಡ ಅಹಮದಾಬಾದಿನ ಐ.ಐ.ಎಂ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಹಯೋಗದೊಡನೆ ನೆಲೆಗೊಳಿಸಿದ ಪ್ರಕರಣ ಪದ್ಧತಿ ಇಂದು ಅನೇಕ ಕಡೆ ಬಳಕೆಯಲ್ಲಿದೆ. ಅಲ್ಲಿ ಅಧ್ಯಾಪಕರು ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾರೆ. ಒಂದು ಕಂಪನಿಯ ಸಂಕಷ್ಟವನ್ನು ವಿವರಿಸುವ ಹಲವು ಪುಟಗಳನ್ನು ರಾತ್ರಿ ಓದಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂಬುದಕ್ಕೆ ಬೆಳಿಗ್ಗೆ ಎಲ್ಲರೆದುರು ಉತ್ತರಿಸಬೇಕು. ಮಾತನಾಡಿದ್ದಕ್ಕೂ ಅಂಕವಿದೆ, ಮೌನವಾಗಿ ಕುಳಿತವನ ಜಾಣತನ ಯಾರಿಗೂ ಕಾಣದು. ಆದ್ದರಿಂದ ದಿನಕ್ಕೊಂದು ವಾಣಿಜ್ಯ ಪತ್ರಿಕೆಯ ದೀರ್ಘ ಲೇಖನವನ್ನು ಓದಿ, ಅದರ ಸಾರವನ್ನು ಐದು ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳುವುದನ್ನು ರೂಢಿಸಿಕೊಳ್ಳಬೇಕು. ಕೇಳಲು ಅಕ್ಕನೋ ತಮ್ಮನೋ ಇದ್ದರೆ ಮತ್ತೂ ಒಳ್ಳೆಯದು. ಉಚ್ಚಾರಣೆಯ ಬಗ್ಗೆ ಸಂಕೋಚ ಬೇಡ.

ಇದಕ್ಕಾಗಿ ಮತ್ತೆ ಸಾವಿರಾರು ರೂಪಾಯಿ ತೆತ್ತು ತರಗತಿ ಸೇರಬೇಕೇ ಎಂದು ಹೆತ್ತವರು ಕೇಳಬಹುದು. ಅವಶ್ಯವಿಲ್ಲ. ಎನ್.ಸಿ.ಇ.ಆರ್.ಟಿ.ಯ 11ನೇ ತರಗತಿಯ ಲೆಕ್ಕಶಾಸ್ತ್ರ ಹಾಗೂ ಸಂಖ್ಯಾಶಾಸ್ತ್ರದ ಪಠ್ಯಗಳು ಅದರ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಬೆಂಗಳೂರಿನ ಐ.ಐ.ಎಂ. ಕೇಂದ್ರ ಸರಕಾರದ ‘ಸ್ವಯಂ’ ವ್ಯವಸ್ಥೆಯ ಮೂಲಕ ನಿರ್ವಹಣಾ ಶಾಸ್ತ್ರದ ಪಾಠಗಳನ್ನು ನೀಡುತ್ತಿದೆ. ನೆರೆಮನೆಯ ಪಿ.ಯು. ವಾಣಿಜ್ಯ ವಿದ್ಯಾರ್ಥಿಯ ಹಳೆಯ ಪುಸ್ತಕವೂ ಆದೀತು. ಕೋಟ್ಯಧಿಪತಿಗಳ ಯಶೋಗಾಥೆಗಳನ್ನು ಈ ಎರಡು ತಿಂಗಳು ಮುಟ್ಟದಿದ್ದರೆ ನಷ್ಟವೇನಿಲ್ಲ. ಅವುಗಳಲ್ಲಿ ಅಢಾವೆ ಪತ್ರಿಕೆ ಇರುವುದು ಅಪರೂಪ.

ಶುಲ್ಕಕ್ಕಾಗಿ ಕೊನೆಯ ದಿನದವರೆಗೂ ನೌಕರಿ ಮಾಡಬೇಕಾದವರ ಕಷ್ಟ ನಮಗೆ ಗೊತ್ತಿದೆ. ಅಂಥವರು ಲೆಕ್ಕಶಾಸ್ತ್ರವೊಂದನ್ನೇ ಹಿಡಿದು ಉಳಿದುದನ್ನು ಬಿಡಲಿ. ಹೊಸಬರಿಗಾಗಿ ಕೆಲವು ಸಂಸ್ಥೆಗಳು ತರಗತಿ ಆರಂಭಕ್ಕೆ ಮುನ್ನವೇ ಪೂರ್ವಸಿದ್ಧತಾ ಪಾಠಗಳನ್ನು ನಡೆಸುವುದುಂಟು. ಪ್ರವೇಶ ಪತ್ರ ಬಂದ ಕೂಡಲೇ ಕಚೇರಿಗೆ ಬರೆದು ಆ ದಿನಾಂಕಗಳನ್ನು ವಿಚಾರಿಸಿ, ರೈಲಿನ ಟಿಕೇಟನ್ನು ಅದಕ್ಕನುಸಾರವಾಗಿಯೇ ಕಾದಿರಿಸತಕ್ಕದ್ದು.