ಗಾಜಿನ ಬಟ್ಟೆ

ಬೀದರ ಜಿಲ್ಲೆಯ ಔರಾದ, ಭಾಲ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲಿನ ಚೂರನ್ನೋ ಹೊಟ್ಟನ್ನೋ ಬೆರೆಸಿ ಚೆನ್ನಾಗಿ ತುಳಿಯುವುದುಂಟು. ಬರಿಯ ಮಣ್ಣು ಒಣಗಿದೊಡನೆ ಬಿರುಕು ಬಿಡುತ್ತದೆ. ಬರಿಯ ಹುಲ್ಲು ಗೋಡೆಯಾಗಿ ನಿಲ್ಲಲಾರದು. ಎರಡೂ ಕೂಡಿದಾಗ ಹುಲ್ಲು ಸೆಳೆತವನ್ನು ತಾಳುತ್ತದೆ, ಮಣ್ಣು ಹುಲ್ಲನ್ನು ಹಿಡಿದು ನಿಲ್ಲಿಸುತ್ತದೆ. ನೀರಿನ ತೊಟ್ಟಿ, ದೋಣಿ, ವಿಮಾನದ ರೆಕ್ಕೆ ಮುಂತಾದವುಗಳಿಗೆ ಬಳಸುವ ಫೈಬರ್‌ಗ್ಲಾಸ್ ಇದೇ ತತ್ತ್ವದ ಮೇಲೆ ನಿಂತಿದೆ. ಇಲ್ಲಿ ಹುಲ್ಲಿನ ಸ್ಥಾನದಲ್ಲಿ ಗಾಜಿನ ನಾರು, ಮಣ್ಣಿನ ಸ್ಥಾನದಲ್ಲಿ ರಾಳ.

ಗಾಜೆಂದರೆ ಒಡೆಯುವ ವಸ್ತುವಲ್ಲವೆ? ಕಿಟಕಿಯ ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಸೆಳೆದಾಗ ಅದು ಅಲ್ಲಿಂದಲೇ ಸೀಳುತ್ತದೆ. ಎಳೆ ತೆಳುವಾದಷ್ಟೂ ಗಾಜಿನ ಬಲ ಹೆಚ್ಚುವುದೆಂಬುದನ್ನು ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್ 1921ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ತೋರಿಸಿಕೊಟ್ಟನು. ಆದರೆ ಈ ಬಲಕ್ಕೊಂದು ಮಿತಿಯುಂಟು. ಪುಂಡಿನಾರಿನ ಹಗ್ಗವನ್ನು ಉದ್ದಕ್ಕೆ ಎಳೆದರೆ ಎತ್ತು ಜಗ್ಗಿದರೂ ಹರಿಯದು. ಅದರ ಎಳೆಗಳನ್ನು ಅಡ್ಡಕ್ಕೆ ಬಿಡಿಸಹೋದರೆ ಮಗುವಿನ ಬೆರಳಿಗೂ ಸಡಿಲುತ್ತವೆ. ನಾರಿನ ಬಲವೆಲ್ಲ ಅದು ಸಾಗುವ ದಿಕ್ಕಿನಲ್ಲಿಯೇ ಇದೆ. ಆದುದರಿಂದ ಭಾರವು ಯಾವ ಕಡೆಯಿಂದ ಬೀಳುವುದೆಂದು ತಿಳಿಯದೆ ಗಾಜಿನ ಬಟ್ಟೆಯನ್ನು ಆರಿಸುವಂತಿಲ್ಲ.

ಸುಮಾರು 5 ಸೆಂಟಿಮೀಟರ್ ಉದ್ದದ ನಾರಿನ ತುಂಡುಗಳನ್ನು ಎಲ್ಲ ದಿಕ್ಕಿಗೂ ಚೆಲ್ಲಿ, ಅಂಟಿನಿಂದ ಹಿಡಿಸಿದ ಹಾಸನ್ನು ಕೆಲಸಗಾರರು 'ಮ್ಯಾಟ್' ಎನ್ನುತ್ತಾರೆ. ಇದರ ಬಲ ಸಾಧಾರಣ, ಆದರೆ ಎಲ್ಲ ಕಡೆಗೂ ಸಮ. ಬೆಲೆಯೂ ಕಡಿಮೆ. ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚು ರಾಳವನ್ನು ಕುಡಿಯುವುದೊಂದೇ ಇದರ ದೋಷ. ಔರಾದಿನ ಮಾಳಿಗೆಯ ಮೇಲಿಡುವ ತೊಟ್ಟಿಗೆ ಇದು ಸಾಕು. 'ರೋವಿಂಗ್' ಬಟ್ಟೆಯಾದರೋ ದಪ್ಪ ಎಳೆಗಳನ್ನು ಉದ್ದಕ್ಕೂ ಅಡ್ಡಕ್ಕೂ ನೇಯ್ದದ್ದು. ಇದಕ್ಕೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ರಾಳ ಸಾಕು. ಆ ಎರಡು ದಿಕ್ಕುಗಳಲ್ಲಿ ಬಲವೂ ಅಧಿಕ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಲ್ಲಿ ಬಿಡಲು ಒಬ್ಬನು ದೋಣಿಯನ್ನು ಮಾಡುತ್ತಾನೆಂದು ಭಾವಿಸೋಣ. ಬಲದ ಆಸೆಯಿಂದ ಅವನು ರೋವಿಂಗ್ ಬಟ್ಟೆಗಳನ್ನೇ ಒಂದರ ಮೇಲೊಂದು ಹಾಸಿದರೆ, ಒರಟಾದ ಪದರಗಳ ನಡುವೆ ಬರಿಯ ರಾಳವೇ ಉಳಿಯುತ್ತದೆ. ತಳವು ಕಲ್ಲಿಗೆ ಬಡಿದಾಗ ಪದರಗಳು ಬಿಟ್ಟುಕೊಳ್ಳಬಹುದು. ನಡುನಡುವೆ ಮ್ಯಾಟನ್ನು ಹಾಸುವುದೇ ಜಾಣತನ.

ಬಟ್ಟೆಗೂ ರಾಳಕ್ಕೂ ಹೊಂದಿಕೆಯಿರಬೇಕು. ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ದ್ರವವು ಮ್ಯಾಟಿನ ಅಂಟನ್ನು ಕರಗಿಸುತ್ತದೆ. ಆಗ ಮ್ಯಾಟು ಮೆತ್ತಗಾಗಿ ಅಚ್ಚಿನ ಮೂಲೆಮೂಲೆಗೂ ಕೂರುತ್ತದೆ. ಎಪಾಕ್ಸಿ ರಾಳದಲ್ಲಿ ಸ್ಟೈರೀನ್ ಇಲ್ಲ; ಸಾಮಾನ್ಯ ಮ್ಯಾಟು ಅದರಲ್ಲಿ ಬಿರುಸಾಗಿಯೇ ಉಳಿಯುತ್ತದೆ. ಅದಕ್ಕೆ ನೇಯ್ದ ಬಟ್ಟೆಯೇ ಸರಿ. ಊರಿನ ಹವೆಯನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಬೀದರ ಸೀಮೆಯ ಉಷ್ಣತೆ 40 ಡಿಗ್ರಿಯನ್ನು ಮುಟ್ಟಿದಾಗ ರಾಳವು ಬೇಗನೆ ಗಟ್ಟಿಯಾಗುತ್ತದೆ. ದಪ್ಪ ಬಟ್ಟೆ ಪೂರ್ತಿ ನೆನೆಯಲು ಕಾಲಾವಕಾಶವೇ ಸಿಗದು. ಅಂಥ ದಿನಗಳಲ್ಲಿ ತೆಳುವಾದ ಬಟ್ಟೆಯನ್ನು ಆರಿಸಿ, ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸುವುದು ಲೇಸು.

ಬೀದರ ನಗರದ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಹಾರುವುದನ್ನು ಅಲ್ಲಿಯ ಮಕ್ಕಳು ನಿತ್ಯ ಕಾಣುತ್ತಾರೆ. ಅವು ಬಹುಮಟ್ಟಿಗೆ ಲೋಹದವು. ಆದರೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ, 1993ರ ನವೆಂಬರ್ 17ರಂದು ಮೊದಲ ಬಾರಿಗೆ ಹಾರಿದ 'ಹಂಸ' ಎಂಬ ಪುಟ್ಟ ತರಬೇತಿ ವಿಮಾನದ ಒಡಲು ನಾರು ಮತ್ತು ರಾಳಗಳದೇ. ಇಂಥ ವಿಮಾನದ ರೆಕ್ಕೆ ಹಾರುವಾಗ ಮೇಲಕ್ಕೆ ಬಾಗುತ್ತದೆ. ಅದನ್ನು ತಾಳಲು ರೆಕ್ಕೆಯ ತೊಲೆಯಲ್ಲಿ ನಾರುಗಳನ್ನು ಉದ್ದಕ್ಕೆ ಇಡುತ್ತಾರೆ. ರೆಕ್ಕೆ ತಿರುಚಿಕೊಳ್ಳದಂತೆ ತಡೆಯಲು ಹೊದಿಕೆಯ ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಹಾಸುವುದು ರೂಢಿ. ಇಲ್ಲಿ ಬಟ್ಟೆಯ ದಿಕ್ಕು ತಪ್ಪಿದರೆ ಕಳೆದುಹೋಗುವುದು ತೊಟ್ಟಿಯ ನೀರಲ್ಲ, ಚಾಲಕನ ಪ್ರಾಣ. ಇಂಗಾಲದ ನಾರು ಗಾಜಿಗಿಂತ ಹಗುರ, ಹೆಚ್ಚು ಬಿರುಸು, ಬೆಲೆಯೂ ಬಹಳ. ಅದು ರೇಡಿಯೋ ಅಲೆಗಳನ್ನು ತಡೆಯುವುದರಿಂದ, ರೇಡಾರಿನ ಹೊದಿಕೆಗೆ ಗಾಜಿನಂಥ ನಾರೇ ಬೇಕು.

ಗಾಜಿನ ಬಟ್ಟೆಗೆ ಇನ್ನೊಂದು ಅನುಕೂಲವಿದೆ. ರಾಳದಲ್ಲಿ ಚೆನ್ನಾಗಿ ನೆನೆದ ಭಾಗ ಅರೆಪಾರದರ್ಶಕವಾಗುತ್ತದೆ, ನೆನೆಯದ ಭಾಗ ಬೆಳ್ಳಗೆ ಉಳಿಯುತ್ತದೆ. ಬಣ್ಣ ಬಳಿಯುವ ಮೊದಲು ಬೆಳಕಿಗೆ ಹಿಡಿದು ನೋಡಿದರೆ ಆ ಬಿಳಿಯ ಕಲೆಗಳು ತಾವಾಗಿಯೇ ಕಾಣುತ್ತವೆ. ಕಪ್ಪಾದ ಇಂಗಾಲದ ಬಟ್ಟೆಯಲ್ಲಿ ಈ ದೋಷವನ್ನು ಕಣ್ಣಿನಿಂದ ಕಂಡುಹಿಡಿಯುವುದು ಕಷ್ಟ.